ಕಿವಿ ಒಪ್ಪಿದ ನಗೆ

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ಪ್ರೇಕ್ಷಕನಿಗೆ ಚಿತ್ರವನ್ನು ಅಳೆಯಲು ಒರೆಗಲ್ಲೊಂದುಂಟು. ಅದು ಅವನ ಕಿವಿ. 1972ರ ‘ಬಂಗಾರದ ಮನುಷ್ಯ’ದ ರಾಜೀವನು ಬರಡು ನೆಲವನ್ನು ಹಸನುಗೊಳಿಸಿದಾಗ, ಬಿಸಿಲು ಬಲ್ಲ ಈ ಸೀಮೆಯ ರೈತನಿಗೆ ಅವನು ಬಂಧುವೇ ಆದನು. ಆದರೆ ಆ ನಾಯಕನ ನುಡಿ ರಾಯಚೂರಿನದಲ್ಲ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಆಗುಂಬೆಯ ಬೀದಿಯನ್ನು ಮನೆಯೊಳಕ್ಕೆ ತಂದಿತು. ಊರು ಕನ್ನಡದ್ದು, ಮಾತು ಹಿಂದಿಯದು!

ಅವನ ಮುನಿಸಿಗೆ ಬೇರೊಂದು ಕಾರಣವೂ ಇದೆ. ಅನೇಕ ಚಿತ್ರಗಳಲ್ಲಿ ಅವನ ಆಡುನುಡಿ ಕೇಳಿಬಂದದ್ದು ನಾಯಕನ ಬಾಯಲ್ಲಲ್ಲ, ನಗಿಸಲೆಂದೇ ಬರುವ ಪಾತ್ರದ ಬಾಯಲ್ಲಿ. ತಾಯಿ ಜೋಗುಳ ಹಾಡಿದ ಮಾತು ಗೇಲಿಯ ಸರಕಾದರೆ ಯಾರು ತಾನೆ ನಕ್ಕಾರು?

ಆದುದರಿಂದಲೇ ಗಂಗಾವತಿ ಪ್ರಾಣೇಶರು ಅವನಿಗೆ ಪ್ರಿಯರು. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಊರಿನ ಈ ವಾಗ್ಮಿ, ವೇಷವಿಲ್ಲದೆ ಧ್ವನಿವರ್ಧಕದ ಮುಂದೆ ನಿಂತು, ಬೀಚಿಯವರನ್ನು ನೆನೆಯುತ್ತ ಮನೆಮಾತಿನಲ್ಲೇ ನಗಿಸುತ್ತಾರೆ. ಅಲ್ಲಿ ನಗುವವರೂ ನಗೆಗೀಡಾಗುವವರೂ ಒಬ್ಬರೇ. ಆಡುವವನು ಮನೆಯವನಾದರೆ ಹಾಸ್ಯ ನೋಯಿಸದು.

ಮಂಡ್ಯದ ನುಡಿ 2016ರಲ್ಲಿ ತೆರೆಕಂಡ ‘ತಿಥಿ’ಯಲ್ಲಿ, ಮಂಗಳೂರಿನದು 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತಲೆಯೆತ್ತಿ ನಿಂತವು. ರಾಯಚೂರಿನ ಮಾತು ನಗಿಸಬಲ್ಲುದೆಂಬುದನ್ನು ಎಲ್ಲರೂ ಬಲ್ಲರು. ಅದು ಅಳಿಸಲೂ ಬಲ್ಲುದೆಂಬುದನ್ನು ಬೆಳ್ಳಿತೆರೆ ಅರಿಯಲೆಂಬುದೇ ಮಸರಕಲ್ಲಿನ ಪ್ರೇಕ್ಷಕನ ಹಂಬಲ.