ಸಂಡೇ ಬಜಾರಿನಲ್ಲಿ ‘ಎರಡು ಕನಸು’

ಶನಿವಾರ ಮಧ್ಯಾಹ್ನ ಅರಸೀಕೆರೆ ಬಸ್ಸಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿದ ನಮ್ಮಪ್ಪನ ಕೈಯಲ್ಲಿ ಒಂದು ಬಟ್ಟೆ ಚೀಲ, ಬಾಯಲ್ಲಿ ಒಂದೇ ಮಾತು: ‘ಏನು? ಜೋರಾಗಿ ಹೇಳೋ!’

ಅಪ್ಪನಿಗೆ ಕಿವಿ ಮಂದವಾಗುತ್ತಿದೆ. ಇಪ್ಪತ್ತು ವರ್ಷ ಮೈಕ್‌ಸೆಟ್ ನಡೆಸಿದ ಕಿವಿ ಸ್ವಾಮಿ ಅದು! 1976ರಿಂದ ಸುತ್ತಿನ ಹಳ್ಳಿಗಳ ಮದುವೆ, ಜಾತ್ರೆ, ಗಣಪತಿ ಪೆಂಡಾಲು ಎಲ್ಲಾ ಅವರದೇ. ಟೆಂಟಿನಲ್ಲಿ ಟಿಕೆಟ್ ಕೊಡುವ ಮುಂಚೆ ಘಂಟಸಾಲರ ವೆಂಕಟೇಶನ ಹಾಡು ಹಾಕುತ್ತಿದ್ದದ್ದೂ ಅವರೇ. ಸಂಜೆ ಡಾಕ್ಟರು ಪರೀಕ್ಷೆ ಮಾಡಿ, ‘ಮೇಲಿನ ದನಿಗಳು ಹೊರಟುಹೋಗಿವೆ, ಉಳಿದದ್ದೂ ನಿಧಾನಕ್ಕೆ ಇಳಿಯುತ್ತೆ, ಮೆಷಿನ್ ಹಾಕಿಸಿ’ ಅಂದರು. ಹೊರಗೆ ಬಂದ ಮೇಲೆ ಅಪ್ಪ ಮೆಷಿನ್ ರೇಟು ಕೇಳಲಿಲ್ಲ. ‘‘ಎರಡು ಕನಸು’ ಪ್ಲೇಟು ಎಲ್ಲಾದ್ರೂ ಸಿಗುತ್ತೇನೋ? ಮೆಷಿನ್ ಹಾಕ್ಸೋಕೆ ಮುಂಚೆ ಒಂದ್ಸಲ ಕೇಳ್ಬೇಕು’ ಅಂದರು.

ಗ್ರಾಮಫೋನ್ ರೆಕಾರ್ಡಿಗೆ ಮೈಕ್‌ಸೆಟ್‌ನವರು ಪ್ಲೇಟು ಅಂತಾರೆ. ಅಪ್ಪನ ಹತ್ತಿರ ಒಂದು ಪೆಟ್ಟಿಗೆ ತುಂಬ ಇತ್ತಂತೆ. 1987ರಲ್ಲಿ ‘ಪ್ರೇಮಲೋಕ’ ಬಂತು ನೋಡಿ, ಊರಿಗೆ ಊರೇ ‘ಕ್ಯಾಸೆಟ್ ಹಾಕಿ’ ಅಂತ ಕುಣಿಯಿತು. ಮಾರನೇ ವರ್ಷ ಪೆಟ್ಟಿಗೆ ಗುಜರಿಗೆ ಹೋಯಿತು. 1974ರ ‘ಎರಡು ಕನಸು’ ಇ.ಪಿ. ಕೂಡ ಅದರಲ್ಲೇ ಹೋಯಿತು. ರಾಜನ್-ನಾಗೇಂದ್ರ ಸಂಗೀತ, ಅಣ್ಣಾವ್ರಿಗೆ ಪಿ.ಬಿ. ಶ್ರೀನಿವಾಸ್ ಕಂಠ, ಜೊತೆಗೆ ವಾಣಿ ಜಯರಾಂ... ಯಾವ ಹಾಡು ಅಂತ ನಾನು ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

‘ಫೋನಲ್ಲೇ ಇದೆಯಲ್ಲಪ್ಪ’ ಅಂತ ಹಾಕಿ ತೋರಿಸಿದೆ. ಅಪ್ಪ ಫೋನನ್ನು ಕಿವಿಗೆ ಹಿಡಿದು, ಕೆಟ್ಟ ಕಾಫಿ ಕುಡಿದವರ ಮುಖ ಮಾಡಿ ವಾಪಸ್ ಕೊಟ್ಟರು.

ಅಪ್ಪನನ್ನು ರೂಮಿಗೆ ಸೇರಿಸಿ ನ್ಯಾಷನಲ್ ಮಾರ್ಕೆಟ್ಟಿಗೆ ನುಗ್ಗಿದೆ. ಗಾಂಧಿನಗರದ ಈ ಮಾರ್ಕೆಟ್ಟಿಗೂ ನನಗೂ ಹಳೇ ಸಂಬಂಧ. 2006ರಲ್ಲಿ, ‘ಮುಂಗಾರು ಮಳೆ’ ಸುರಿದ ವರ್ಷ, ಒಂಬತ್ತು ವರ್ಷದವನಾಗಿ ಮಾವನ ಕೈ ಹಿಡಿದು ಬಂದಿದ್ದೆ. ಆಗ ಎಲ್ಲೆಲ್ಲೂ ಸಿ.ಡಿ. ರಾಶಿ. ಒಂದು ಅಂಗಡಿಯವನು ನೂರೈವತ್ತು ಹಾಡಿನ ಸಿ.ಡಿ. ಮೂವತ್ತು ರೂಪಾಯಿಗೆ ಕೊಟ್ಟ. ಎರಡೇ ವರ್ಷಕ್ಕೆ ಅದು ಮೂಕವಾಯಿತು! ಈಗ ಆ ಜಾಗದಲ್ಲಿ ಮೊಬೈಲ್ ಕವರು, ಚಾರ್ಜರು.

ಆ ಮೂವತ್ತು ರೂಪಾಯಿ ಮಾಲನ್ನೇ ನಾವು ಇಷ್ಟು ದಿನ ‘ಸಿ.ಡಿ.’ ಅಂದುಕೊಂಡು ಸಿ.ಡಿ.ಯನ್ನು ಬೈದಿದ್ದೀವಿ ಅನ್ನೋದು ನನ್ನ ವಾದ. ಅಸಲಿ ಆಡಿಯೋ ಸಿ.ಡಿ.ಯಲ್ಲಿ 74 ನಿಮಿಷ, ಸ್ವಲ್ಪ ಹೆಚ್ಚು ಅಂದರೆ 80 ನಿಮಿಷ ಹಾಡು ಹಿಡಿಯುತ್ತದೆ. ನೂರೈವತ್ತು ಹಾಡು ತುರುಕಬೇಕಾದರೆ ಎಂ.ಪಿ.3 ಮಾಡಿ ಹಿಂಡಲೇಬೇಕು. ಹಿಂಡಿದ ಮೇಲೆ ತಾಳದ ಝಣಕಾರ ಎಲ್ಲಿಂದ ಬರಬೇಕು? ಮೇಲಾಗಿ ಅಂಗಡಿಯಲ್ಲಿ ಬರೆದುಕೊಡುವ ಸಿ.ಡಿ.ಯಲ್ಲಿ ಹಾಡು ಕೂರುವುದು ಒಂದು ಬಣ್ಣದ ಪದರದ ಮೇಲೆ. ಅಗ್ಗದ ಬಣ್ಣ ಬಿಸಿಲಿಗೆ, ಶೆಕೆಗೆ ಬೇಗ ಮಾಸುತ್ತದೆ. ಕಂಪನಿಯಲ್ಲಿ ಒತ್ತಿ ತೆಗೆದ ಸಿ.ಡಿ. ಜಾತಿಯೇ ಬೇರೆ.

ಅಂಥ ಅಸಲಿ ಸಿ.ಡಿ. ಒಂದೇ ಒಂದು ಸಿಕ್ಕಿತು, ಪಿ.ಬಿ.ಎಸ್. ಆಯ್ದ ಹಾಡುಗಳದ್ದು. ಧೂಳು ಒರೆಸಿ ತೊಂಬತ್ತು ರೂಪಾಯಿ ಅಂದ. ಚೌಕಾಸಿ ಮಾಡಲಿಲ್ಲ. ನಮ್ಮ ಹಾಡು ಅದರಲ್ಲಿತ್ತು.

ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಅಪ್ಪ-ಮಗ ಕೆಂಪೇಗೌಡ ರಸ್ತೆಯಲ್ಲಿ. ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ ಸ್ಟೇಟ್ಸ್ ಟಾಕೀಸು, ಆಮೇಲೆ ಭೂಮಿಕಾ ಆಯಿತಲ್ಲ, ಅದರ ಕಡೆಗೆ ಅಪ್ಪ ದೇವಸ್ಥಾನಕ್ಕೆ ಮಾಡುವ ಹಾಗೆ ಒಂದು ಕೈ ಎತ್ತಿದರು. ಅಲ್ಲಿಂದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹಿಡಿದರೆ ಸಂಡೇ ಬಜಾರು. ಅಂಗಡಿಗಳ ಷಟರ್ ಎಳೆದಿದೆ, ಮುಂದುಗಡೆ ರಸ್ತೆ ಮೇಲೆ ಹಾಳೆ ಹಾಸಿ ಜಗತ್ತನ್ನೇ ಹರಡಿದ್ದಾರೆ. ಒಂಟಿ ಶೂ, ಸತ್ತ ಗಡಿಯಾರ, ಡ್ರಿಲ್ಲಿಂಗ್ ಮೆಷಿನ್ನು, ಯಾರದೋ ಮದುವೆ ಆಲ್ಬಂ. ಬೆಂಗಳೂರು ಬೇಡ ಅಂದದ್ದೆಲ್ಲ ಇಲ್ಲಿಗೆ ಬರುತ್ತೆ, ಬೇಕು ಅನ್ನುವವನೂ ಇಲ್ಲಿಗೇ ಬರುತ್ತಾನೆ.

ಪ್ಲೇಟು ಮಾರುವವನ ಮುಂದೆ ಬೆನ್ನಿಗೆ ಚೀಲ ಹಾಕಿದ ಹುಡುಗರು ಕುಕ್ಕರುಗಾಲಲ್ಲಿ ಕೂತಿದ್ದರು. ಇದು ಬರೀ ನಮ್ಮೂರ ಹುಚ್ಚಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ಪ್ಲೇಟು ಮಾರಾಟವಾದರೆ ಸಿ.ಡಿ. ಹೋದದ್ದು 3 ಕೋಟಿ 30 ಲಕ್ಷ. 1987ರ ನಂತರ ಪ್ಲೇಟು ಸಿ.ಡಿ.ಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಆ ಸುದ್ದಿ ಚಿಕ್ಕಪೇಟೆಗೂ ತಲುಪಿದೆ, ರೇಟು ಕೇಳಿದರೆ ತಿಳಿಯುತ್ತೆ!

ಅಪ್ಪ ಅಲ್ಲಿ ಬೇರೆ ಮನುಷ್ಯರೇ ಆದರು. ಪ್ಲೇಟಿನ ಅಂಚನ್ನು ಮಾತ್ರ ಎರಡು ಅಂಗೈಯಲ್ಲಿ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡುವುದು. ‘ಕಪ್ಪು ಮಿಂಚಬೇಕು. ಬೂದಿ ಬಣ್ಣ ತಿರುಗಿದ್ರೆ ಗೆರೆ ಸವೆದಿದೆ ಅಂತ.’ ‘ಗಂಧದ ಗುಡಿ’ ಬೂದಿ. ‘ಪರಸಂಗದ ಗೆಂಡೆತಿಮ್ಮ’ ಬಿಸಿಲಿಗೆ ಬಗ್ಗಿ ಹಪ್ಪಳ. ಒಂದೂವರೆ ಗಂಟೆ ಕಳೆದ ಮೇಲೆ, ಹಿಂದಿ ಪ್ಲೇಟುಗಳ ಕೆಳಗೆ, ಹೊದಿಕೆ ಹರಿದ ಏಳಿಂಚಿನ ‘ಎರಡು ಕನಸು’! ಎಂಟುನೂರು ಅಂದ. ಅಪ್ಪ ನಾನೂರಕ್ಕೆ ಇಳಿಸಿದರು. ಕಿವಿ ಕೇಳದೇ ಇರೋದು ಚೌಕಾಸಿಗೆ ಎಷ್ಟು ಅನುಕೂಲ ಅಂತ ಅವತ್ತು ಗೊತ್ತಾಯ್ತು.

ಪ್ಲೇಟು ಸಿಕ್ಕಿತು, ಹಾಕಲು ಮೆಷಿನ್ ಬೇಕಲ್ಲ? ಹಿಂದಿನ ಗಲ್ಲಿಯಲ್ಲಿ ಅರ್ಧ ಷಟರ್ ಎತ್ತಿಕೊಂಡು ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬ ಭಾಯ್ ಇದ್ದಾರೆ. ‘ಮೊದಲು ಬೆಲ್ಟ್ ನೋಡೋಣ’ ಅಂದರು. ನಿಮಿಷಕ್ಕೆ 45 ಸುತ್ತು ಅಂದರೆ 45 ಸುತ್ತಬೇಕು. ಬೆಲ್ಟ್ ಸಡಿಲಾದರೆ ಶ್ರುತಿ ಇಳಿದು ಪಿ.ಬಿ.ಎಸ್.ಗೆ ನೆಗಡಿ ಬಂದ ಹಾಗಾಗುತ್ತೆ! ಸಿ.ಡಿ.ಗೆ ಆ ರೋಗವಿಲ್ಲ, ಅದರ ತಾಳ ಹಿಡಿಯುವುದು ಒಳಗಿರುವ ಸ್ಫಟಿಕದ ಗಡಿಯಾರ.

ಮೊದಲು ಸಿ.ಡಿ. ಹಾಕಿದೆವು. ತಬಲಾದ ಒಂದೊಂದು ಏಟೂ ಬಿಡಿಬಿಡಿ, ಹಿಂದುಗಡೆ ಪೂರ್ತಿ ನಿಶ್ಶಬ್ದ. ಆದರೆ ಯಾರೋ ಟೇಪಿನ ಸುಯ್‌ಗುಟ್ಟುವಿಕೆ ಒರೆಸಲು ಹೋಗಿ ಪಿ.ಬಿ.ಎಸ್. ಉಸಿರನ್ನೂ ಅರ್ಧ ಒರೆಸಿದ್ದಾರೆ ಅನ್ನಿಸಿತು. ಆಮೇಲೆ ಪ್ಲೇಟು. ಚಟ್, ಪಟ್, ಒಗ್ಗರಣೆ. ಅದರ ನಡುವೆ ಆ ಉಸಿರು ಇತ್ತು ಕಣ್ರೀ! ಸಾಲಿನ ಕೊನೆಗೆ ಅವರು ಗಾಳಿ ಎಳೆದುಕೊಳ್ಳುವುದು ಕೇಳಿಸಿತು. ನನ್ನ ಮೈ ಜುಂ ಅಂದಿತು. ಅಷ್ಟರಲ್ಲಿ ‘ಸ’ಕಾರ ಬಂದಲ್ಲೆಲ್ಲ ದನಿ ಹರಿಯತೊಡಗಿತು.

ಪಿ.ಯು.ಸಿ.ಯಲ್ಲಿ ಫಿಸಿಕ್ಸ್ ಜೊತೆ ಜಗಳವಾಡಿ ಕಾಲೇಜು ಬಿಟ್ಟವನು ನಾನು, ಆ ಫಿಸಿಕ್ಸನ್ನು ಭಾಯ್ ಒಂದು ಸ್ಕ್ರೂಡ್ರೈವರ್ ಹಿಡಿದು ತಲೆಗೆ ಹಾಕಿದರು. ಇ.ಪಿ.ಯ ಒಂದು ಬದಿಗೆ ಎರಡು ಹಾಡು. ನಮ್ಮದು ಎರಡನೆಯದು, ಲೇಬಲ್ ಪಕ್ಕ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಗೆರೆ ಹಾಯುತ್ತೆ, ಲೇಬಲ್ ಹತ್ತಿರ ಬರೀ 25. ಅಷ್ಟೇ ಹಾಡು, ಕಡಿಮೆ ಜಾಗ. ‘ಸ’ ಅನ್ನೋದು ಸಣ್ಣ ಸಣ್ಣ ಅಲೆಗಳ ರಾಶಿ, ಇಕ್ಕಟ್ಟಾದರೆ ಸೂಜಿ ಎಡವುತ್ತೆ. ಸಿ.ಡಿ. ಒಳಗಿಂದ ಹೊರಕ್ಕೆ ಓಡುತ್ತೆ, ವೇಗವನ್ನು ನಿಮಿಷಕ್ಕೆ 500 ಸುತ್ತಿನಿಂದ 200ಕ್ಕೆ ತಾನೇ ಇಳಿಸಿಕೊಳ್ಳುತ್ತೆ. ಮೊದಲ ಹಾಡಿಗೂ ಕೊನೆ ಹಾಡಿಗೂ ಒಂದೇ ನ್ಯಾಯ. ಸೂಜಿಯೇ ಇಲ್ಲ, ಲೇಸರ್ ಬೆಳಕು, ಹಾಗಾಗಿ ಸವೆತವೂ ಇಲ್ಲ.

‘ಸಿ.ಡಿ. ಹಾಡನ್ನು ಚೂರುಚೂರು ಮಾಡುತ್ತೆ, ಸಂದಿನಲ್ಲಿ ಸಂಗೀತ ಸೋರಿಹೋಗುತ್ತೆ’ ಅಂತ ಕೆಲವರು ಹೇಳುತ್ತಾರೆ, ನಾನೂ ನಂಬಿದ್ದೆ. ಅದು ಸುಳ್ಳು. ಸೆಕೆಂಡಿಗೆ 44,100 ಸಲ ಅಳೆದರೆ ಸುಮಾರು 22,000 ಹರ್ಟ್ಜ್ ತನಕದ ದನಿ ಇಡಿಯಾಗಿ ಮರಳಿ ಬರುತ್ತೆ. ಎಳೆಯ ಕಿವಿಗೂ ಕೇಳುವುದು 20,000ದ ತನಕ. ಅಪ್ಪನದಂತೂ ಅದರ ಅರ್ಧಕ್ಕೂ ಇಲ್ಲ. ಡಬ್ಬಿ ಅಂತ ನೋಡಿದರೆ 1982ರ ಸಿ.ಡಿ.ಯೇ 1948ರ ಎಲ್.ಪಿ.ಗಿಂತ ಗಟ್ಟಿ ಡಬ್ಬಿ, ನಾನು ಒಪ್ಪಿಕೊಂಡೆ. ಒಳಗೆ ಏನು ತುಂಬಿದರು ಅನ್ನೋದೇ ನಮ್ಮ ತಕರಾರು. ಮೂಲ ಟೇಪಿನಿಂದ ಶ್ರದ್ಧೆಯಿಂದ ಇಳಿಸಿದ್ದರೆ ಕಣ್ಣು ಮುಚ್ಚಿ ಸಿ.ಡಿ. ಕೊಳ್ಳಿ. ಹಾಗಿಲ್ಲದಿದ್ದರೆ ಬಿಸಿಲಿಗೆ ಮಿಂಚುವ ಹಳೇ ಪ್ಲೇಟು ಹುಡುಕಿ. ಎರಡು ಸಾವಿರ ಕೊಟ್ಟು ಹೊಸ ಪ್ಲೇಟು ಕೊಳ್ಳುವ ತಮ್ಮಂದಿರೇ, ಅವುಗಳಲ್ಲಿ ಹಲವನ್ನು ಡಿಜಿಟಲ್ ಫೈಲಿನಿಂದಲೇ ಕೊರೆದಿರುತ್ತಾರೆ, ವಿಚಾರಿಸಿ ಕೊಳ್ಳಿ.

ನಮ್ಮ ಈ ಚರ್ಚೆ ಅಪ್ಪನಿಗೆ ಕೇಳಿಸಿರಲಿಲ್ಲ. ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದರು.

‘ಹೆಂಗಿತ್ತಪ್ಪ?’ ಅಂತ ಕೂಗಿದೆ.

‘ಎರಡೂ ಚೆನ್ನಾಗೇ ಇವೆ. ಆದ್ರೆ ನಮ್ಮ ಹಾಡು ಇದಲ್ಲ. ಹಾರ್ನ್ ಎಲ್ಲಿ?’

ಥೂ, ಇದು ನನಗೆ ಹೊಳೆದೇ ಇರಲಿಲ್ಲ! ಅಪ್ಪ ಆ ಹಾಡನ್ನು ಕೇಳಿದ್ದು ತೆಂಗಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ. ತೀರಾ ತಗ್ಗಿನ ದನಿಯೂ ತೀರಾ ಮೇಲಿನ ದನಿಯೂ ಅದಕ್ಕೆ ಬಾರದು, ನಡುವಿನದನ್ನು ಮಾತ್ರ ಎರಡು ಮೈಲಿ ಒಯ್ಯುತ್ತೆ. ಅಪ್ಪನ ಕಿವಿಯಲ್ಲಿ ಈಗ ಉಳಿದಿರುವುದೂ ಆ ನಡುವಿನದೇ.

ಭಾಯ್ ಮಾತಾಡದೆ ಅಟ್ಟದಿಂದ ಒಂದು ತುಕ್ಕು ಹಿಡಿದ ಹಾರ್ನ್ ಇಳಿಸಿದರು. ಆಂಪ್ಲಿಫೈಯರಿಗೆ ವೈರು ಕೊಟ್ಟು, ಹಾರ್ನನ್ನು ಗಲ್ಲಿಯ ಕಡೆ ತಿರುಗಿಸಿದರು. ನಾನು ಸೂಜಿ ಎತ್ತಲು ಹೋದೆ, ಅಪ್ಪ ಕೈ ಹಿಡಿದರು.

‘ಪ್ಲೇಟು ಸವೆಸ್ಬೇಡ. ಹಾರ್ನ್‌ಗೆ ಸಿ.ಡಿ. ಸಾಕು.’

ಇ.ಪಿ.ಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದರು. ಹಾರ್ನನ್ನು ಹತ್ತಿರ ನಿಂತು ಕೇಳಬಾರದಂತೆ. ಇಪ್ಪತ್ತು ಹೆಜ್ಜೆ ಆಚೆ, ಮುಚ್ಚಿದ ಬಟ್ಟೆ ಅಂಗಡಿಯ ಜಗಲಿ ಮೇಲೆ ನಿಂತು ಕೈ ಎತ್ತಿದರು. ಭಾಯ್ ಗುಂಡಿ ಒತ್ತಿದರು. ಗಲ್ಲಿಯಲ್ಲಿ ಹೋಗುತ್ತಿದ್ದ ಒಂದಿಬ್ಬರು ತಿರುಗಿ ನೋಡಿದರು. ಹಾಡು ಮುಗಿಯುವ ತನಕ ಅಪ್ಪ ‘ಜೋರಾಗಿ’ ಅನ್ನಲಿಲ್ಲ.