ಆ ಮಕ್ಕಳು ಎಲ್ಲಿಂದ ಬಂದರು?

ನಾವು ಅಂದರೆ ಇಬ್ಬರು. ಡಿಪ್ಲೊಮಾದಲ್ಲಿ ಒಂದೇ ಬ್ಯಾಚು, ಈಗ ಬೇರೆ ಬೇರೆ ಪತ್ರಿಕೆ, ಪೆಟ್ರೋಲ್ ಉಳಿಸೋಕೆ ಒಂದೇ ಬೈಕು. ನಮ್ಮ ಓಡಾಟವೆಲ್ಲ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರಿನ ತಾಲ್ಲೂಕುಗಳು, ಶಾಲೆಯ ಲೆಕ್ಕದಲ್ಲಿ ಬೇರೆಯೇ ಜಿಲ್ಲೆ.

ಹೋದ ವರ್ಷ ಜೂನ್‌ನಲ್ಲಿ ಪಾವಗಡ ಕಡೆಯ ಒಂದು ಕರ್ನಾಟಕ ಪಬ್ಲಿಕ್ ಶಾಲೆಯ ಗೇಟಿನ ಮುಂದೆ ಬೆಳಗ್ಗೆಯೇ ಅಪ್ಪ ಅಮ್ಮಂದಿರ ಸಾಲು ನಿಂತಿತ್ತು. 2018-19ರಲ್ಲಿ ಶುರುವಾದ ಈ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಎಲ್ಲ ಒಂದೇ ಕಾಂಪೌಂಡಿನಲ್ಲಿ, ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುತ್ತದೆ. ಸಾಲು ಇದ್ದದ್ದೇ ಇಂಗ್ಲಿಷಿಗೆ. "ಇಂಗ್ಲೀಷೂ ಬರುತ್ತೆ, ಕೈಸಾಲಾನೂ ತಪ್ಪುತ್ತೆ ಸಾರ್" ಅಂದರು ಖಾಸಗಿ ಶಾಲೆ ಬಿಡಿಸಿ ತಂದಿದ್ದ ಒಬ್ಬ ಅಪ್ಪ. ಅಷ್ಟೇ ಸಾಕಾಯಿತು ನಮಗೆ. ಖಾಸಗಿ ಬಿಟ್ಟು ಸರ್ಕಾರಿ ಶಾಲೆಗೆ ಮುಗಿಬಿದ್ದ ಪೋಷಕರು ಅಂತ ಇಬ್ಬರೂ ಬರೆದೆವು. ಇಬ್ಬರದ್ದೂ ಫೋಟೊ ಸಮೇತ ಬಂತು. ಸ್ಟ್ರಿಂಗರ್‌ಗಳಿಗೆ ಅಂಥ ದಿನ ಹಬ್ಬ.

ವಾರ ಕಳೆದ ಮೇಲೆ ಒಂದು ಫೋನು. ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆಯ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. "ಅಲ್ಲಿ ಎಷ್ಟು ಹೆಚ್ಚಾಯ್ತು ಅಂತ ಬರ್ದಿದ್ದೀರಲ್ಲ, ಇಲ್ಲಿ ಎಷ್ಟು ಕಮ್ಮಿ ಆಯ್ತು ಅಂತ ಒಂದ್ಸಲ ಬಂದು ನೋಡಿ ಸಾರ್."

ಹೋದೆವು. ಒಂದರಿಂದ ಐದನೇ ತರಗತಿ, ಒಬ್ಬರೇ ಮೇಷ್ಟ್ರು, ಒಂಬತ್ತು ಮಕ್ಕಳು. ಅಡುಗೆಯಮ್ಮ ದೊಡ್ಡ ಪಾತ್ರೆಯ ತಳದಲ್ಲಿ ಒಂಬತ್ತು ಜನಕ್ಕಾಗುವಷ್ಟು ಸಾರು ಕುದಿಸುತ್ತಿದ್ದರು. ಮೇಷ್ಟ್ರು ಮಾತಾಡಲಿಲ್ಲ, ಹಾಜರಿ ಪುಸ್ತಕ ತೆಗೆದು ಮುಂದಿಟ್ಟರು. ಏಳು ಹೆಸರಿನ ಮೇಲೆ ಕೆಂಪು ಗೆರೆ. ಏಳೂ ಟಿ.ಸಿ.ಗೆ ಸಹಿ ಹಾಕಿದವರು ಅವರೇ. ಅದರಲ್ಲಿ ಆರು ಮಕ್ಕಳು ಹೋಗಿದ್ದು ನಾವು ಫೋಟೊ ತೆಗೆದ ಸಾಲಿಗೆ. ಆ ಫೋಟೊದಲ್ಲೇ ಇಬ್ಬರನ್ನು ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಸರ್ಕಾರಿ ಶಾಲೆಯಿಂದ ಸರ್ಕಾರಿ ಶಾಲೆಗೆ ಹೋದ ಮಕ್ಕಳನ್ನು ನಾವು ಖಾಸಗಿಯಿಂದ ಬಂದವರು ಅಂತ ಬರೆದಿದ್ದೆವು. ಕೇಳಿದ್ದು ಒಬ್ಬ ಅಪ್ಪನನ್ನು, ಬರೆದದ್ದು ಇಡೀ ಸಾಲಿನ ಬಗ್ಗೆ.

ಉಳಿದ ಒಂಬತ್ತು ಮಕ್ಕಳು ಯಾರ ಮನೆಯವರು ಅಂತ ನೋಡಿದರೆ ಎಲ್ಲರೂ ಕೂಲಿ ಮನೆಯವರು. "ಆಟೋಕ್ಕೆ ತಿಂಗ್ಳು ತಿಂಗ್ಳು ದುಡ್ಡು ಕೊಡೋರ ಮಕ್ಳು ಹೋದ್ರಪ್ಪ. ಈ ಸ್ಕೂಲ್ ಮುಚ್ಚಿದ್ರೆ ನಮ್ಮವಳು ಆ ಲಾರಿ ರೋಡಲ್ಲಿ ನಡೀಬೇಕಾ?" ಅಂತ ಒಬ್ಬ ಅಜ್ಜಿ ಕೇಳಿದರು. ಒಂದರಿಂದ ಐದರವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುತ್ತದೆ ಆರ್‌ಟಿಇ. ಅಜ್ಜಿಗೆ ಅದು ಗೊತ್ತಿಲ್ಲ, ಆದರೆ ಅವರು ಕೇಳಿದ್ದು ಅದನ್ನೇ. ಇನ್ನೊಂದು ಮಾತು. ಪಾವಗಡದ ಸುತ್ತ ಬಹುಪಾಲು ಆಂಧ್ರ, ಎಷ್ಟೋ ಮನೆಯಲ್ಲಿ ಮಾತು ತೆಲುಗು. ಈ ಮೇಷ್ಟ್ರು ಒಂದನೇ ತರಗತಿಯವರಿಗೆ ಮೊದಲು ತೆಲುಗಿನಲ್ಲಿ ಹೇಳಿ, ಅದನ್ನೇ ಕನ್ನಡದಲ್ಲಿ ಹೇಳಿಸುತ್ತಿದ್ದರು. ಒಂಬತ್ತೇ ಮಕ್ಕಳಾದ್ದರಿಂದ ಒಬ್ಬೊಬ್ಬರ ಬಾಯಲ್ಲೂ ಹೇಳಿಸುವಷ್ಟು ಪುರುಸೊತ್ತಿತ್ತು.

ದೊಡ್ಡ ಶಾಲೆ ಬೇಡ ಅನ್ನುವ ಮುಖ ನಮಗಿಲ್ಲ. ನಮ್ಮಿಬ್ಬರಲ್ಲಿ ಒಬ್ಬರ ಮಗಳು ಯುಕೆಜಿ ಓದುತ್ತಿರುವುದು ಅಂಥ ಶಾಲೆಯಲ್ಲೇ. 2025-26ರ ಬಜೆಟ್‌ನಲ್ಲಿ ಇನ್ನೂ 500 ಕೆಪಿಎಸ್ ಅಂದಾಗ ಖುಷಿಪಟ್ಟವರೂ ನಾವೇ. ಆದರೆ ಶಾಲೆ ದೊಡ್ಡದಾದಷ್ಟೂ ದೂರದ ಮಕ್ಕಳನ್ನು ಕರೆತರುವ ವ್ಯಾನು ಯಾರದ್ದು, ಡೀಸೆಲ್ ದುಡ್ಡು ಯಾರದ್ದು ಅನ್ನೋದನ್ನು ಒಂದು ಸುದ್ದಿಯಲ್ಲೂ ನಾವು ಕೇಳಿರಲಿಲ್ಲ.

ಎರಡನೇ ಸುದ್ದಿ ಬರೆದು ಕಳಿಸಿದೆವು. ಒಂದು ಪತ್ರಿಕೆಯಲ್ಲಿ ಒಳಪುಟದ ಸಿಂಗಲ್ ಕಾಲಂ, ಇನ್ನೊಂದರಲ್ಲಿ ಬರಲೇ ಇಲ್ಲ. ಮೇಷ್ಟ್ರು ಆ ಸಿಂಗಲ್ ಕಾಲಂ ಕತ್ತರಿಸಿ ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರಂತೆ.

ಈ ಸಲ ಜೂನ್‌ನಲ್ಲೂ ಅದೇ ಗೇಟು, ಅದೇ ಸಾಲು. ಫೋಟೊ ಆಮೇಲೆ ತೆಗೆದೆವು. ಮೊದಲು ಸಾಲಿನ ಕೊನೆಯಿಂದ ಶುರುಮಾಡಿ ಒಬ್ಬೊಬ್ಬರನ್ನೂ ಕೇಳಿಕೊಂಡು ಬಂದೆವು: ಟಿ.ಸಿ. ಯಾವ ಶಾಲೇದು?