ಉಣುಗಿನ ಕಾಲ, ವಾಲಿಬಾಲಿನ ಕಾಲ

ನಮ್ಮ ಕಡೆ ವಾಲಿಬಾಲ್ ಪಂದ್ಯಾವಳಿಗಳು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳ ಅಡ್ಡಮಳೆ ಬೀಳುವವರೆಗೂ ನಡೆಯುತ್ತವೆ. ಶನಿವಾರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಯಾವುದಾದರೂ ಒಂದು ಶಾಲೆಯ ಅಂಗಳದಲ್ಲಿ ಹೊನಲು ಬೆಳಕಿನ ಪಂದ್ಯ ಇದ್ದೇ ಇರುತ್ತದೆ. ಮಂಗನ ಕಾಯಿಲೆ ತರುವ ಉಣುಗು ಕಾಡಿನಲ್ಲಿ ಹರಿದಾಡುವುದೂ ಇದೇ ತಿಂಗಳುಗಳಲ್ಲಿ. 2023–24ರ ಹಂಗಾಮಿನಲ್ಲಿ ನನಗೂ ನನ್ನ ತಂಡಕ್ಕೂ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರ ತಾಲೂಕಿನ ಕಾಡಂಚಿನ ಊರು. ತಂಡದಲ್ಲಿ ಇರುವುದು ಎಂಟೇ ಜನ. ಮುಖ್ಯ ಸ್ಮ್ಯಾಶರ್ ಕೊನೆಗೌಡ. ಹಗಲೆಲ್ಲ ಅಡಿಕೆ ಮರ ಏರಿ ಕೊನೆ ಇಳಿಸುತ್ತಾನೆ, ರಾತ್ರಿ ಅದೇ ಭುಜದಿಂದ ಚೆಂಡು ಹೊಡೆಯುತ್ತಾನೆ. ನಾಯಕನಿಗೆ ಪೇಟೆಯಲ್ಲಿ ಗ್ಯಾರೇಜು. ಒಬ್ಬ ಪಿಯುಸಿ ಹುಡುಗ, ಉಳಿದವರು ತೋಟ-ಗದ್ದೆಯವರು. ನಾನು ಲಿಫ್ಟರ್. ಬಂದ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿದೂ ಹಿಡಿಯದ ಹಾಗೆ ನೆಟ್ಟಿನ ಮೇಲಕ್ಕೆ ಎತ್ತಿಕೊಡುವುದು ನನ್ನ ಕೆಲಸ. ದೊಡ್ಡ ತಂಡಗಳು ಹಣ ಕೊಟ್ಟು ಹೊರಗಿನಿಂದ ಆಟಗಾರರನ್ನು ಕರೆಸುತ್ತವೆ. ನಾವು ಒಂದು ಸಲವೂ ಕರೆಸಿದವರಲ್ಲ. ಪ್ರವೇಶ ಶುಲ್ಕವನ್ನೇ ಎಂಟು ಜನ ಹಂಚಿಕೊಂಡು ಕಟ್ಟುತ್ತೇವೆ. ಅದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಹಂಗಾಮು ಚೆನ್ನಾಗಿಯೇ ಆರಂಭವಾಯಿತು. ಮೊದಲ ದೂರದ ಪಂದ್ಯ ಯಲ್ಲಾಪುರದ ಕಡೆ. ಸಿದ್ದಾಪುರದಿಂದ ಶಿರಸಿ ದಾಟಿ 80 ಕಿಲೋಮೀಟರ್‌ಗೂ ಹೆಚ್ಚು ದಾರಿ. ಟೆಂಪೋದಲ್ಲಿ ಚಳಿಗೆ ಮುದುಡಿಕೊಂಡು ಹೋದೆವು. ಚೀಟಿ ಎತ್ತಿದಾಗ ಮಂಚಿಕೇರಿ ಕಡೆಯ ಸಿದ್ದಿ ಸಮುದಾಯದ ಹುಡುಗರ ತಂಡ ನಮ್ಮ ಪಾಲಿಗೆ ಬಂತು. ಅವರ ನೆಗೆತ ನೋಡಿದವರಿಗೇ ಗೊತ್ತು. 2.43 ಮೀಟರ್ ಎತ್ತರದ ನೆಟ್ಟು ಅವರಿಗೆ ಅಡ್ಡಿಯೇ ಅಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಡುವ ಯೋಜನೆ ಶುರುಮಾಡಿತ್ತು, ಕೆಲವೇ ವರ್ಷಗಳಲ್ಲಿ ನಿಲ್ಲಿಸಿಬಿಟ್ಟಿತು. ಅದು ಮುಂದುವರಿದಿದ್ದರೆ ಈ ಹುಡುಗರು ಕೆಮ್ಮಣ್ಣಿನ ಅಂಗಳದಲ್ಲಿ ಬರಿಗಾಲಲ್ಲಿ ಆಡಬೇಕಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅವತ್ತು ಮೂರನೇ ಸೆಟ್ಟಿನಲ್ಲಿ ಸೋತೆವು. ಗೆದ್ದ ಮೇಲೆ ಅವರೇ ಬಂದು ನಮ್ಮ ಜೊತೆ ಕೂತು ಉಪ್ಪಿಟ್ಟು ತಿಂದರು.

ಜನವರಿ ನಮಗೆ ಬಿಡುವಿಲ್ಲದ ತಿಂಗಳು. ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು, ಜೊತೆಗೆ ದರಕು ಗುಡಿಸುವುದು. ನಮ್ಮ ಮೂರು ತಾಲೂಕುಗಳ ಅಡಿಕೆ ತೋಟಗಳಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದಾರೆ, ಎಕರೆ ತೋಟಕ್ಕೆ 9 ಎಕರೆವರೆಗೆ. ಆ ಬೆಟ್ಟದ ಒಣ ಎಲೆಯೇ ಕೊಟ್ಟಿಗೆಗೆ ಹಾಸು, ಆಮೇಲೆ ತೋಟಕ್ಕೆ ಗೊಬ್ಬರ. ದರಕಿಗೆ ಹೋಗದೆ ನಮ್ಮ ಬೇಸಾಯವೇ ಇಲ್ಲ. ಆ ಒಣ ಎಲೆಯ ಅಡಿಯಲ್ಲೇ ಉಣುಗಿನ ಮರಿಗಳು ಇರುತ್ತವೆ. ರಾಗಿ ಕಾಳಿಗಿಂತ ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಕೊಟ್ಟು ಹೋಗಿದ್ದರು. ಹಚ್ಚಿಕೊಂಡೇ ನಾನೂ ಆಯಿಯೂ ಬೆಟ್ಟಕ್ಕೆ ಹೋಗುತ್ತಿದ್ದೆವು. ಬೆವರು ಇಳಿದಂತೆ ಎಣ್ಣೆಯೂ ಇಳಿಯುತ್ತದೆ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಇದು ಮೊದಲು ಪತ್ತೆಯಾಯಿತು. ಆ ಕಾಡಿನ ಹೆಸರೇ ರೋಗಕ್ಕೂ ಉಳಿಯಿತು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡಾಗ ನಾವೆಲ್ಲ ಹೆದರಿದ್ದೆವು. ಹಿಂದೆ ಕೊಡುತ್ತಿದ್ದ ಲಸಿಕೆಯಲ್ಲಿ ಸತ್ವ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದು ಇನ್ನೂ ಬಂದಿರಲಿಲ್ಲ. ಹಾಗಾಗಿ 2024ರ ಆರಂಭದಲ್ಲಿ ನಮ್ಮ ತಾಲೂಕಿನಲ್ಲಿ ರೋಗ ಎದ್ದಾಗ ನಮ್ಮ ಕೈಯಲ್ಲಿ ಎಣ್ಣೆಯ ಬಾಟಲಿ ಬಿಟ್ಟು ಬೇರೇನೂ ಇರಲಿಲ್ಲ.

ನನಗೆ ಜ್ವರ ಬಂದದ್ದು ಶಿರಸಿಯ ಒಂದು ಪಂದ್ಯದ ರಾತ್ರಿ. ಟೆಂಪೋ ಹತ್ತುವಾಗ ಸರಿಯಾಗಿಯೇ ಇದ್ದೆ. ಅಂಕಣದಲ್ಲಿ ಅಭ್ಯಾಸದ ಚೆಂಡು ಎತ್ತುವಾಗ ಹಣೆಯ ಒಳಗಿಂದ ಒಂದು ನೋವು ಶುರುವಾಯಿತು. ಹತ್ತು ನಿಮಿಷದಲ್ಲಿ ಅದು ಕತ್ತಿಗೆ, ಸೊಂಟಕ್ಕೆ, ಮೀನಖಂಡಕ್ಕೆ ಇಳಿಯಿತು. ದೀಪದ ಬೆಳಕು ನೋಡಲಾಗುತ್ತಿರಲಿಲ್ಲ. ಕೈ ಎತ್ತಿದರೆ ತೋಳೇ ಕಿತ್ತು ಬರುವ ಹಾಗಾಗುತ್ತಿತ್ತು. ನಾಯಕ ಹಣೆ ಮುಟ್ಟಿ ನೋಡಿ, “ಏ ಮಾರಾಯಾ, ನೀ ಕೂತ್ಕ, ಇವತ್ತು ಆಡೂದು ಬ್ಯಾಡ” ಅಂದ. ಪಿಯುಸಿ ಹುಡುಗನನ್ನು ನನ್ನ ಜಾಗದಲ್ಲಿ ನಿಲ್ಲಿಸಿದರು. ಆ ಪಂದ್ಯದಲ್ಲಿ ಏನಾಯಿತೋ ನಾನು ನೋಡಲಿಲ್ಲ. ಟೆಂಪೋದಲ್ಲಿ ಕಂಬಳಿ ಹೊದ್ದು ಮಲಗಿದ್ದೆ.

ಬೆಳಗಿನ ಜಾವ ಮನೆ ಮುಟ್ಟಿದಾಗ ಆಯಿ ಬಾಗಿಲು ತೆಗೆದು, “ತಮಾ, ಮೈಯೆಲ್ಲ ಬೆಂಕಿ ಆಗೋಜಲಾ” ಎಂದು ಅಲ್ಲೇ ಕೂತುಬಿಟ್ಟಳು. ಆ ವಾರವಷ್ಟೇ ನಮ್ಮ ಬೆಟ್ಟದ ಮೇಲ್ಗಡೆ ಒಂದು ಮಂಗ ಸತ್ತು ಬಿದ್ದದ್ದು ಅವಳ ಮನಸ್ಸಿನಲ್ಲಿತ್ತು. ಅಪ್ಪಯ್ಯ ಬೆಳಗಾಗುವುದನ್ನೇ ಕಾದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ಡಾಕ್ಟರು ಊರಿನ ಹೆಸರು ಕೇಳಿದ ತಕ್ಷಣ ರಕ್ತ ತೆಗೆಸಿ ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದರು. ಮಂಗನ ಕಾಯಿಲೆ ಎಂದು ವರದಿ ಬರುವಷ್ಟರಲ್ಲಿ ನನಗೆ ವಾಂತಿ ಹಿಡಿದಿತ್ತು, ವಸಡಿನಲ್ಲಿ ರಕ್ತ ಕಾಣಿಸಿತ್ತು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದು ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕಳಿಸಿದರು. ಘಟ್ಟ ಇಳಿಯುವ ತಿರುವುಗಳಲ್ಲಿ ಪಟ್ಟ ಸಂಕಟವನ್ನು ಬರೆಯಲಾರೆ.

ಈ ಕಾಯಿಲೆಗೆ ಇಂಥದೇ ಎಂಬ ಔಷಧವಿಲ್ಲ. ಜ್ವರ ಇಳಿಸುತ್ತಾರೆ, ಮೈಯ ನೀರು ಆರದಂತೆ, ರಕ್ತ ಸೋರದಂತೆ ಕಾಯುತ್ತಾರೆ. ಉಳಿದದ್ದನ್ನು ದೇಹವೇ ಮಾಡಬೇಕು. ಅಪ್ಪಯ್ಯ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದ. ಆ ಹಂಗಾಮಿನಲ್ಲಿ ನಮ್ಮ ತಾಲೂಕಿನಲ್ಲೇ ಸಾವುಗಳಾದವು. ಪೇಪರು ನನ್ನ ಕಣ್ಣಿಗೆ ಬೀಳದ ಹಾಗೆ ಅವನು ನೋಡಿಕೊಂಡ. ನಾನು ಬದುಕಿ ಬಂದೆ.

ಮನೆಗೆ ಬಂದ ಮೇಲೆ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಕೆಲವರಿಗೆ ಈ ಜ್ವರ ಮೂರನೆಯ ವಾರದಲ್ಲಿ ಮತ್ತೆ ಮರಳುತ್ತದೆ, ಆಗ ಅದು ನರಗಳನ್ನು ಹಿಡಿಯುತ್ತದೆ. ನನಗೂ ಹಾಗೇ ಆಯಿತು. ತಲೆ ಸಿಡಿತದ ಜೊತೆಗೆ ಕೈ ನಡುಕ. ಚಹದ ಲೋಟ ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ನನ್ನ ಆಟ ಇದ್ದದ್ದೇ ಬೆರಳುಗಳಲ್ಲಿ. ಜ್ವರಕ್ಕಿಂತ ಆ ನಡುಕವೇ ನನ್ನನ್ನು ಹೆಚ್ಚು ಕುಗ್ಗಿಸಿತು. ಮಾರ್ಚ್ 19ರಿಂದ 27ರವರೆಗೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮ್ಮ ಕಡೆಯ ಮನೆಗಳಲ್ಲಿ ಜನವೇ ಇರುವುದಿಲ್ಲ. ನಾನು ಜಗಲಿಯ ಮೇಲೆ ಹಳೆಯ ಚೆಂಡೊಂದನ್ನು ಹಿಡಿಯಲು ನೋಡುತ್ತ ಕೂತಿದ್ದೆ.

ಇಷ್ಟು ನನ್ನ ಮೈಗೆ ಆದದ್ದು. ತಂಡಕ್ಕೆ ಆದದ್ದು ಇದಕ್ಕಿಂತ ಕೆಟ್ಟದ್ದು, ಅದನ್ನು ಹೇಳಲೇಬೇಕು.

ಫೆಬ್ರವರಿಯಲ್ಲಿ ನಮ್ಮೂರಿನ ಹೆಸರು ಪೇಪರಿನಲ್ಲಿ ಬಂತು. ಅದೇ ವಾರ ಒಂದು ಪಂದ್ಯಾವಳಿಯ ಸಂಘಟಕರು ನಾಯಕನಿಗೆ ಫೋನ್ ಮಾಡಿ, “ಈ ಸಲ ನಿಮ್ಮ ತಂಡ ಬರೂದು ಬ್ಯಾಡ, ಜನ ಹೆದರ್ತಾರೆ” ಅಂದರು. ಕಟ್ಟಿದ್ದ ಶುಲ್ಕವನ್ನು ವಾಪಸು ಕಳಿಸಿದರು. ಇನ್ನೊಂದು ಕಡೆ ಹೋದ ಮೇಲೆ ಎದುರು ತಂಡದವರು ಪಂದ್ಯ ಮುಗಿದಾಗ ಕೈಕುಲುಕಲಿಲ್ಲ. ನಮ್ಮವರು ಕುಡಿದ ನೀರಿನ ಕೊಡವನ್ನು ಬೇರೆ ಇಟ್ಟರು. ಕೊನೆಗೌಡ ಅವತ್ತು ಊಟ ಮಾಡದೆ ಬಂದ. ಅವನಿಗೆ ತೋಟದ ಕೆಲಸಕ್ಕೆ ಬರುವ ಕರೆಗಳೂ ಕಡಿಮೆಯಾದವು. ಎಂಟು ಜನರಲ್ಲಿ ನಾನು ಹಾಸಿಗೆ ಹಿಡಿದಿದ್ದೆ, ಒಬ್ಬನನ್ನು ಮನೆಯವರು ಹೆದರಿ ಬಿಡಲಿಲ್ಲ. ಉಳಿದದ್ದು ಆರೇ ಜನ. ಅಂಕಣದಲ್ಲಿ ಆರು ಜನಕ್ಕಿಂತ ಕಡಿಮೆಯಾದರೆ ಪಂದ್ಯವೇ ಕೈಬಿಟ್ಟ ಹಾಗೆ. ಹಾಗಾಗಿ ಒಬ್ಬನ ಕಾಲು ಉಳುಕಿದರೂ ಅವನನ್ನೇ ಆಡಿಸುತ್ತಿದ್ದರು.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಸೋಂಕಿರುವ ಉಣುಗು ಕಚ್ಚಿದರೆ, ಇಲ್ಲವೇ ಸತ್ತ ಅಥವಾ ರೋಗ ತಗಲಿದ ಮಂಗವನ್ನು ಮುಟ್ಟಿದರೆ ಮಾತ್ರ ಬರುತ್ತದೆ. ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಇದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ, ಮೊಹರು ಹಾಕಿ ಕೊಟ್ಟರು. ನಾಯಕ ಅದನ್ನು ಜರ್ಸಿಗಳ ಜೊತೆ ಚೀಲದಲ್ಲಿಟ್ಟುಕೊಂಡು ಹೋದಲ್ಲೆಲ್ಲ ತೋರಿಸುತ್ತಿದ್ದ. ವಾಲಿಬಾಲ್ ಆಡಲು ವೈದ್ಯರ ಪತ್ರ ಹಿಡಿದು ನಿಲ್ಲುವುದು ಅವಮಾನ. ಆದರೂ ನಮ್ಮ ತಂಡದವರು ಹಂಗಾಮು ಬಿಡಲಿಲ್ಲ. ಒಂದರ ಹಿಂದೆ ಒಂದು ಸೋತರು, ಮತ್ತೆ ಹೋದರು. ಯಲ್ಲಾಪುರ ಕಡೆಯ ಅದೇ ಸಿದ್ದಿ ಹುಡುಗರು ತಮ್ಮೂರ ಪಂದ್ಯಕ್ಕೆ ತಾವೇ ಕರೆದು, ರಾತ್ರಿ ತಮ್ಮ ಮನೆಗಳಲ್ಲೇ ಉಳಿಸಿಕೊಂಡರು. ಅವರ ಋಣ ನಮ್ಮ ಮೇಲಿದೆ.

ಏಪ್ರಿಲ್ ಕೊನೆಗೆ ನಡುಕ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಸಿದ್ದಾಪುರ ಪೇಟೆಯ ಪಂದ್ಯಕ್ಕೆ ನಾನೂ ಹೋದೆ. ಲಿಫ್ಟರ್ ಆಗಿ ಅಲ್ಲ, ಆ ಜಾಗ ಅಷ್ಟರಲ್ಲಿ ಪಿಯುಸಿ ಹುಡುಗನದಾಗಿತ್ತು. ಅವನು ಅದನ್ನು ದುಡಿದು ಪಡೆದಿದ್ದ. ನಾನು ಹಿಂದಿನ ಸಾಲಿನಲ್ಲಿ ನಿಂತು ಎರಡೂ ತೋಳು ಜೋಡಿಸಿ ಚೆಂಡು ತಡೆದು ಅವನಿಗೆ ಕೊಟ್ಟೆ. ಅದಕ್ಕೆ ಬೆರಳು ಬೇಕಾಗಲಿಲ್ಲ. ಮೊದಲ ಪಂದ್ಯ ಗೆದ್ದೆವು, ಎರಡನೆಯದರಲ್ಲಿ ಹೊರಬಿದ್ದೆವು. ಮೇ ತಿಂಗಳಲ್ಲಿ ಮಳೆ ಬಂತು, ಹಂಗಾಮು ಮುಗಿಯಿತು. ಒಂದು ಪಾರಿತೋಷಕವೂ ಬರಲಿಲ್ಲ.

ಮುಂದಿನ ದೀಪಾವಳಿಯ ನಂತರ ಮತ್ತೆ ಪಂದ್ಯಗಳು ಶುರುವಾಗುತ್ತವೆ. ಆಡುವ ಹುಡುಗರೇ, ಬೆಟ್ಟಕ್ಕೆ ಹೋಗುವಾಗ ಎಣ್ಣೆ ಹಚ್ಚಿ, ಬೆವರಿದರೆ ಮತ್ತೆ ಹಚ್ಚಿ. ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯಿರಿ, ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಜ್ವರದ ಜೊತೆ ತಲೆ, ಸೊಂಟ ಹಿಡಿದರೆ ಮಾತ್ರೆ ನುಂಗಿ ಕಾಯುತ್ತ ಕೂರಬೇಡಿ, ಅವತ್ತೇ ರಕ್ತ ಕೊಡಿ. ಸಂಘಟಕರಿಗೆ ನನ್ನದು ಒಂದೇ ಬೇಡಿಕೆ: ಪೇಪರಿನಲ್ಲಿ ಯಾವ ಊರಿನ ಹೆಸರು ಬಂದರೂ ಆ ಊರಿನ ತಂಡವನ್ನು ವಾಪಸು ಕಳಿಸಬೇಡಿ, ಚೀಟಿ ಎತ್ತುವಾಗ ಅವರ ಹೆಸರನ್ನೂ ಹಾಕಿ.